‘ಬೇರೆ ಕಾಯಿಲೆಯೂ ಇತ್ತು’: ಕೊರೊನಾ ಕಾಲದ ಒಂದು ಸಾಲು ಮುಚ್ಚಿಟ್ಟ ಚರಿತ್ರೆ

2020ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ದಿನಾ ಒಂದು ಕೋವಿಡ್ ಬುಲೆಟಿನ್ ಬಿಡುತ್ತಿತ್ತು. ಸತ್ತವರ ಪಟ್ಟಿಯಲ್ಲಿ ಹೆಸರು ಇರುತ್ತಿರಲಿಲ್ಲ. ರೋಗಿಯ ಸಂಖ್ಯೆ, ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಜ್ವರ, ಕೆಮ್ಮು, ಉಸಿರಾಟದ ತೊಂದರೆ. ಅದರ ಪಕ್ಕದ ಕಾಲಂನಲ್ಲಿ ಪುಟ್ಟ ಪುಟ್ಟ ಅಕ್ಷರಗಳು: ಡಿಎಂ, ಎಚ್‌ಟಿಎನ್, ಐಎಚ್‌ಡಿ. ಡಿಎಂ ಅಂದರೆ ಸಕ್ಕರೆ ಕಾಯಿಲೆ, ಎಚ್‌ಟಿಎನ್ ಅಂದರೆ ಬಿಪಿ, ಐಎಚ್‌ಡಿ ಅಂದರೆ ಹೃದಯದ ರಕ್ತನಾಳದ ಕಾಯಿಲೆ. ಕೆಲವು ಸಾಲುಗಳಲ್ಲಿ ಕ್ಯಾನ್ಸರ್ ಎಂದೂ ಇರುತ್ತಿತ್ತು.

ಜಿಲ್ಲೆಗಳಿಂದ ಸುದ್ದಿ ಕಳಿಸುವ ನಾವು ಅದನ್ನು ಕನ್ನಡಕ್ಕೆ ತಂದು ‘ಮೃತರಿಗೆ ಬೇರೆ ಕಾಯಿಲೆಯೂ ಇತ್ತು’ ಎಂದು ಬರೆಯುತ್ತಿದ್ದೆವು. ಊರಿನವರು ಆ ಸಾಲು ಓದಿ ಸ್ವಲ್ಪ ಉಸಿರು ಬಿಡುತ್ತಿದ್ದರು. ‘ಹಂಗಾದ್ರೆ ಅವರಿಗೆ ಮೊದಲೇ ಏನೋ ಇತ್ತು, ನಮಗೇನಾಗಲ್ಲ’ ಅನ್ನುವ ಸಮಾಧಾನ. ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಅಪ್ಪ, ಕಿಮೋ ನಡೆಯುತ್ತಿದ್ದ ಅತ್ತಿಗೆ ಇದ್ದವರಿಗೆ ಮಾತ್ರ ಅದೇ ಸಾಲು ಎದೆಗೆ ಕಲ್ಲು ಬಿದ್ದಂತೆ ಆಗುತ್ತಿತ್ತು.

‘ಬೇರೆ ಕಾಯಿಲೆ ಇತ್ತು’ ಎಂಬಲ್ಲಿಗೆ ಮಾತು ಮುಗಿಯಬಾರದಿತ್ತು. ಆ ಮನುಷ್ಯನಿಗೆ ಸೋಂಕು ತಗುಲಿದ್ದು ಎಲ್ಲಿ? ಚಿಕಿತ್ಸೆಗೆಂದು ಹೋದ ಜಾಗದಲ್ಲೇನಾ? ಸೋಂಕಿನ ಹೆದರಿಕೆಯಲ್ಲಿ ಅವನ ಮೂಲ ಕಾಯಿಲೆಯ ಚಿಕಿತ್ಸೆ ನಿಂತಿತ್ತಾ? ಈ ಪ್ರಶ್ನೆಗಳು 2020ರಲ್ಲಿ ಹೊಸದಾಗಿ ಹುಟ್ಟಿದವಲ್ಲ. ಕೊರೊನಾ ಕುಟುಂಬದ ವೈರಸ್‌ಗಳು ಅದಕ್ಕೂ ಮುಂಚೆ ಎರಡು ಸಲ ಆಸ್ಪತ್ರೆಗಳನ್ನು ಹೊಕ್ಕು ಇದೇ ಪಾಠ ಹೇಳಿ ಹೋಗಿದ್ದವು. ಅಲ್ಲಿಂದಲೇ ಶುರು ಮಾಡೋಣ.

ಟೊರಾಂಟೊ, 2003: ಪರದೆಯ ಆಚೆಯ ಮಂಚ

ಮೊದಲ ಸಲ ಬಂದದ್ದು ಸಾರ್ಸ್. 2002ರ ನವೆಂಬರ್‌ನಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕಾಣಿಸಿಕೊಂಡಿತು. 2003ರ ಫೆಬ್ರುವರಿಯಲ್ಲಿ ಅಲ್ಲಿಂದ ಹಾಂಗ್‌ಕಾಂಗ್‌ಗೆ ಬಂದ ವೈದ್ಯರೊಬ್ಬರು ಮೆಟ್ರೊಪೋಲ್ ಎಂಬ ಹೋಟೆಲಿನಲ್ಲಿ ತಂಗಿದರು. ಅವರಿಗೆ ಆಗಲೇ ಸೋಂಕಿತ್ತು. ಅದೇ ಹೋಟೆಲಿನಲ್ಲಿ ಉಳಿದಿದ್ದ ಅತಿಥಿಗಳು ಸಿಂಗಪುರ, ವಿಯೆಟ್ನಾಂ, ಕೆನಡಾಗೆ ಹೋದಾಗ ವೈರಸ್ ಅವರ ಜೊತೆ ವಿಮಾನ ಹತ್ತಿತು.

ಕೆನಡಾದ ಟೊರಾಂಟೊಗೆ ಮರಳಿದ ಒಬ್ಬ ಅಜ್ಜಿ ಮನೆಯಲ್ಲೇ ತೀರಿಕೊಂಡರು. ಸಾವಿಗೆ ಹೃದಯಾಘಾತ ಕಾರಣ ಎಂದುಕೊಂಡರು. ಕೆಲವೇ ದಿನಗಳಲ್ಲಿ, ಮಾರ್ಚ್ 7ರಂದು, ಅವರ ಮಗ ಜ್ವರ, ಕೆಮ್ಮು, ಏದುಸಿರಿನೊಂದಿಗೆ ಸ್ಕಾರ್‌ಬರೋ ಗ್ರೇಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ವಾರ್ಡಿನಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ರಾತ್ರಿಯಿಡೀ ಅಲ್ಲೇ ಮಲಗಿಸಿದರು. ಉಸಿರಾಟಕ್ಕೆಂದು ನೆಬ್ಯುಲೈಸರ್ ಹಾಕಿದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ದಮ್ಮು ಬಂದವರಿಗೆ ಹಾಕುವ ಅದೇ ಔಷಧದ ಹಬೆ. ರೋಗಿ ಅದನ್ನು ಎಳೆದುಕೊಂಡು ಹೊರಗೆ ಬಿಟ್ಟಾಗ ಸೋಂಕು ಗಾಳಿಯಲ್ಲಿ ದೂರ ಹರಡಬಲ್ಲದು ಎಂದು ಆಗ ಯಾರೂ ಯೋಚಿಸಿರಲಿಲ್ಲ.

ಬಟ್ಟೆಯ ಪರದೆಯ ಆಚೆಗೆ ಪಕ್ಕದ ಮಂಚದಲ್ಲಿ ಒಬ್ಬ ಹಿರಿಯರಿದ್ದರು. ಅವರು ಬಂದದ್ದು ಎದೆಬಡಿತ ತಾಳ ತಪ್ಪಿದ್ದಕ್ಕೆ, ಅಂದರೆ ಹೃದಯದ ತೊಂದರೆಗೆ. ಸ್ವಲ್ಪ ಆಚೆ ಇನ್ನೊಬ್ಬ ಹಿರಿಯರು, ಶ್ವಾಸಕೋಶದ ಸುತ್ತ ನೀರು ತುಂಬಿ ಉಸಿರು ಕಟ್ಟುತ್ತಿದ್ದವರು. ಇಬ್ಬರೂ ಗುಣವಾಗಿ ಮನೆಗೆ ಹೋದರು. ಇಬ್ಬರೂ ಕೆಲವೇ ದಿನಗಳಲ್ಲಿ ಜ್ವರದೊಂದಿಗೆ ಹಿಂದಿರುಗಿದರು. ಇಬ್ಬರೂ ಉಳಿಯಲಿಲ್ಲ.

ಎರಡನೆಯವರ ವಿಷಯ ಇನ್ನೂ ಕಷ್ಟದ್ದು. ಮರಳಿ ಬಂದಾಗ ಅವರಿಗೆ ಹೃದಯಾಘಾತವೂ ಆಗಿತ್ತು. ಎಲ್ಲರ ಗಮನ ಅದರ ಮೇಲೆ ಹೋಯಿತು, ಉಸಿರಾಟದ ತೊಂದರೆಯನ್ನೂ ಹೃದಯದ ಲೆಕ್ಕಕ್ಕೆ ಹಾಕಿದರು. ಡಯಾಲಿಸಿಸ್ ಬೇಕಾಯಿತೆಂದು ಯಾರ್ಕ್ ಸೆಂಟ್ರಲ್ ಎಂಬ ಇನ್ನೊಂದು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಅವರಿಂದ ಹೊರಟ ಸರಪಳಿಯಲ್ಲಿ 50ಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಆ ಆಸ್ಪತ್ರೆಯನ್ನೂ ಮುಚ್ಚಬೇಕಾಯಿತು.

ಸಿಂಗಪುರದಲ್ಲೂ ಇಂಥದ್ದೇ ನಡೆಯಿತು. ಸಕ್ಕರೆ ಕಾಯಿಲೆ ಮತ್ತು ಹೃದಯ ರೋಗವಿದ್ದ ಒಬ್ಬ ಹೆಂಗಸು ಬೇರೆ ಕಾರಣಕ್ಕೆ ದಾಖಲಾಗಿ ಆಸ್ಪತ್ರೆಯಲ್ಲೇ ಸೋಂಕು ಹತ್ತಿಸಿಕೊಂಡರು. ಉಸಿರು ಕಟ್ಟಿದ್ದು ಹೃದಯದಿಂದ ಇರಬೇಕೆಂದು ಹೃದ್ರೋಗಿಗಳ ತೀವ್ರ ನಿಗಾ ಘಟಕಕ್ಕೆ ಕಳಿಸಿದರು. ಅವರಿಂದ 20ಕ್ಕೂ ಹೆಚ್ಚು ಜನರಿಗೆ ಹರಡಿತು.

ಹೀಗೆ ಹಳೆಯ ಕಾಯಿಲೆ ಹೊಸ ಸೋಂಕಿಗೆ ಮುಸುಕು ಹಾಕುತ್ತದೆ. ಹೃದಯ ಸೋತವರಿಗೆ ಏದುಸಿರು ಹೊಸದಲ್ಲ. ಕಿಮೋದಲ್ಲಿರುವವರಿಗೆ ಜ್ವರ, ಸುಸ್ತು ಹೊಸದಲ್ಲ. ಹಾಗಾಗಿ ಸೋಂಕು ಒಳಗೆ ಬಂದದ್ದು ಯಾರಿಗೂ ಬೇಗ ಗೊತ್ತಾಗುವುದಿಲ್ಲ. ಸಾರ್ಸ್ ಅಡಗುವಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 8,098 ಜನರಿಗೆ ರೋಗ ಬಂದಿತ್ತು, 774 ಜನ ಸತ್ತಿದ್ದರು. ರೋಗ ಬಂದವರಲ್ಲಿ ಐವರಿಗೆ ಒಬ್ಬರಂತೆ ಆಸ್ಪತ್ರೆಯ ಸಿಬ್ಬಂದಿಯೇ ಇದ್ದರು.

ಸೋಲ್, 2015: ತುರ್ತು ವಿಭಾಗದ ಮೂರು ದಿನ

ಎರಡನೆಯದು ಮರ್ಸ್. 2012ರಲ್ಲಿ ಅರಬ್ ನಾಡಿನಲ್ಲಿ ಗುರುತಾದ, ಒಂಟೆಗಳಿಂದ ಮನುಷ್ಯರಿಗೆ ದಾಟುವ ಕೊರೊನಾ ವೈರಸ್. 2015ರ ಮೇ ತಿಂಗಳಲ್ಲಿ ಕೊಲ್ಲಿಯಿಂದ ಮರಳಿದ ಒಬ್ಬ ವ್ಯಾಪಾರಿಯ ಜೊತೆ ಅದು ದಕ್ಷಿಣ ಕೊರಿಯಾಕ್ಕೆ ಬಂತು. ಆತ ಗುಣವಾಗಲಿಲ್ಲವೆಂದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರು. ಇದು ನಮಗೆ ಗೊತ್ತಿಲ್ಲದ ಕಥೆಯೇ? ಇಲ್ಲಿ ಕಡಿಮೆಯಾಗದಿದ್ದರೆ ಜಿಲ್ಲಾ ಕೇಂದ್ರ, ಅಲ್ಲೂ ಆಗದಿದ್ದರೆ ಬೆಂಗಳೂರು.

ಅವರಿಂದ ಸೋಂಕು ಪಡೆದ ಇನ್ನೊಬ್ಬ ರೋಗಿ ರಾಜಧಾನಿ ಸೋಲ್‌ನ ಸ್ಯಾಮ್‌ಸಂಗ್ ಮೆಡಿಕಲ್ ಸೆಂಟರ್‌ನ ತುರ್ತು ವಿಭಾಗದಲ್ಲಿ ಮೇ 27ರಿಂದ 29ರವರೆಗೆ ಇದ್ದರು. ದೇಶದ ಹೆಸರಾಂತ ಆಸ್ಪತ್ರೆ ಅದು. ಕಿಕ್ಕಿರಿದ ಜನ. ರೋಗಿಯ ಜೊತೆ ಮನೆಯವರು ಉಳಿದು ಊಟ ಮಾಡಿಸುವುದು, ಮೈ ಒರೆಸುವುದು ಅಲ್ಲಿಯೂ ರೂಢಿ. ಆ ಮೂರು ದಿನಗಳಲ್ಲಿ ಒಬ್ಬರಿಂದ 82 ಜನರಿಗೆ ಸೋಂಕು ಹರಡಿತು. ಅವರಲ್ಲಿ ಬೇರೆ ಬೇರೆ ಕಾಯಿಲೆಗೆ ಬಂದ ರೋಗಿಗಳಿದ್ದರು, ಅವರ ಕಡೆಯವರಿದ್ದರು, ನೋಡಲು ಬಂದ ನೆಂಟರಿದ್ದರು. ಇಡೀ ದೇಶದಲ್ಲಿ 186 ಜನರಿಗೆ ಮರ್ಸ್ ಬಂತು, 38 ಜನ ಸತ್ತರು. ಹೆಚ್ಚುಕಡಿಮೆ ಎಲ್ಲರಿಗೂ ಅದು ತಗುಲಿದ್ದು ಆಸ್ಪತ್ರೆಗಳ ಒಳಗೇ.

ಆ 38 ಸಾವುಗಳಲ್ಲಿ ಕೊನೆಯದನ್ನು ನಾವು ಇಲ್ಲಿ ಹೇಳಲೇಬೇಕು. 35 ವರ್ಷದ ಒಬ್ಬ ಗೃಹಸ್ಥ. ದುಗ್ಧಗ್ರಂಥಿಗಳ ಕ್ಯಾನ್ಸರ್, ಅಂದರೆ ಲಿಂಫೋಮಾ, ಇತ್ತು. ಅದೇ ತುರ್ತು ವಿಭಾಗದಲ್ಲಿ ಅವರಿಗೆ ಮರ್ಸ್ ತಗುಲಿತು. ಕ್ಯಾನ್ಸರ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿದ್ದರಿಂದ ವೈರಸ್ ಮೈಬಿಟ್ಟು ಹೋಗಲಿಲ್ಲ. ಪರೀಕ್ಷೆ ಮಾಡಿದಾಗ ಒಮ್ಮೆ ಇದೆ, ಒಮ್ಮೆ ಇಲ್ಲ. ಅಕ್ಟೋಬರ್ ಆರಂಭದಲ್ಲಿ ಮನೆಗೆ ಕಳಿಸಿದರು, ಕೆಲವೇ ದಿನಗಳಲ್ಲಿ ಮತ್ತೆ ಪಾಸಿಟಿವ್ ಎಂದು ಪ್ರತ್ಯೇಕ ಕೋಣೆಗೆ ಹಾಕಿದರು. ಅಷ್ಟು ದಿನ ಕ್ಯಾನ್ಸರ್‌ಗೆ ಸಿಗಬೇಕಾದ ಪರೀಕ್ಷೆ, ಚಿಕಿತ್ಸೆ ಸರಿಯಾಗಿ ಸಿಗಲಿಲ್ಲ ಎಂದು ಮನೆಯವರು ದೂರಿದರು. ನವೆಂಬರ್ 25ರಂದು ಅವರು ತೀರಿಕೊಂಡರು.

ಕ್ಯಾನ್ಸರ್ ಅವರನ್ನು ಆಸ್ಪತ್ರೆಗೆ ಕರೆತಂದಿತು. ಆಸ್ಪತ್ರೆಯಲ್ಲಿ ವೈರಸ್ ಸಿಕ್ಕಿತು. ವೈರಸ್ ಇದ್ದುದರಿಂದ ಕ್ಯಾನ್ಸರ್ ಚಿಕಿತ್ಸೆಗೆ ತಡೆ ಬಿತ್ತು. ಅತ್ತ ದರಿ, ಇತ್ತ ಪುಲಿ. ಐದು ವರ್ಷಗಳ ನಂತರ ಜಗತ್ತಿನ ಲಕ್ಷಾಂತರ ರೋಗಿಗಳು ನಿಲ್ಲಬೇಕಾದ ಜಾಗ ಅದೇ ಆಗಿತ್ತು.

ವುಹಾನ್, 2020: ಮೊದಲ ಲೆಕ್ಕಗಳು

ವುಹಾನ್ ವಿಶ್ವವಿದ್ಯಾಲಯದ ಝೋಂಗ್‌ನಾನ್ ಆಸ್ಪತ್ರೆಯ ವೈದ್ಯರು ಜನವರಿ ತಿಂಗಳಲ್ಲಿ ದಾಖಲಾದ 138 ಕೋವಿಡ್ ರೋಗಿಗಳ ವಿವರವನ್ನು ಫೆಬ್ರುವರಿ ಮೊದಲ ವಾರದಲ್ಲೇ ಪ್ರಕಟಿಸಿದರು. ಅವರಲ್ಲಿ 57 ಜನರಿಗೆ, ಅಂದರೆ ಶೇ 41ರಷ್ಟು ಮಂದಿಗೆ, ಸೋಂಕು ಆಸ್ಪತ್ರೆಯಲ್ಲೇ ಬಂದಿರಬೇಕು ಎಂದು ಅವರ ಅಂದಾಜು. 40 ಜನ ಸಿಬ್ಬಂದಿ. ಉಳಿದ 17 ಜನ ಬೇರೆ ಕಾಯಿಲೆಗೆ ಮೊದಲೇ ದಾಖಲಾಗಿದ್ದ ರೋಗಿಗಳು. ಹೊಟ್ಟೆಯ ತೊಂದರೆ ಎಂದು ಶಸ್ತ್ರಚಿಕಿತ್ಸೆಯ ವಾರ್ಡಿಗೆ ಹಾಕಿದ್ದ ಒಬ್ಬ ರೋಗಿಯಿಂದಲೇ ಹತ್ತಕ್ಕೂ ಹೆಚ್ಚು ಸಿಬ್ಬಂದಿಗೆ ಸೋಂಕು ಹರಡಿತ್ತು.

ಅದೇ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದವರು ತಮ್ಮ 1,524 ರೋಗಿಗಳ ದಾಖಲೆ ತಿರುವಿ ಹಾಕಿದರು. 12 ಜನರಿಗೆ ಕೋವಿಡ್ ಬಂದಿತ್ತು. ಸಂಖ್ಯೆ ಸಣ್ಣದು. ಆದರೆ ಆಗ ವುಹಾನ್ ನಗರದ ಸಾಮಾನ್ಯ ಜನರಲ್ಲಿದ್ದ ಪ್ರಮಾಣಕ್ಕೆ ಹೋಲಿಸಿದರೆ ಇದು ಸುಮಾರು ಎರಡು ಪಟ್ಟು. ಆ 12ರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಮಾತ್ರ ಆಗ ಚಿಕಿತ್ಸೆಯಲ್ಲಿದ್ದರು. ಹಾಗಾಗಿ ಕಿಮೋದ ಜೊತೆಗೆ, ಮತ್ತೆ ಮತ್ತೆ ಆಸ್ಪತ್ರೆಗೆ ಬಂದು ಹೋಗುವುದೂ ಅಪಾಯವೇ ಎಂದು ವೈದ್ಯರು ಎಚ್ಚರಿಸಿದರು.

ಫೆಬ್ರುವರಿಯಲ್ಲಿ ಚೀನಾದ ರೋಗ ನಿಯಂತ್ರಣ ಕೇಂದ್ರ 44,672 ದೃಢಪಟ್ಟ ಪ್ರಕರಣಗಳ ಲೆಕ್ಕ ಕೊಟ್ಟಿತು. ಒಟ್ಟು ರೋಗಿಗಳಲ್ಲಿ ಸತ್ತವರು ಶೇ 2.3. ಬೇರೆ ಯಾವ ಕಾಯಿಲೆಯೂ ಇಲ್ಲದವರಲ್ಲಿ ಶೇ 0.9. ಹೃದಯ ರೋಗ ಇದ್ದವರಲ್ಲಿ ಶೇ 10.5, ಸಕ್ಕರೆ ಕಾಯಿಲೆಯವರಲ್ಲಿ ಶೇ 7.3, ಬಿಪಿ ಇದ್ದವರಲ್ಲಿ ಶೇ 6, ಕ್ಯಾನ್ಸರ್ ಇದ್ದವರಲ್ಲಿ ಶೇ 5.6.

ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಹೃದಯ ರೋಗಿಗೆ ಅಪಾಯ ಹತ್ತು ಪಟ್ಟಿಗೂ ಹೆಚ್ಚು, ನಿಜ. ಆದರೆ ಸೋಂಕು ಬಂದ 100 ಹೃದಯ ರೋಗಿಗಳಲ್ಲಿ ಸುಮಾರು 90 ಜನ ಬದುಕಿಕೊಂಡರು ಎಂಬುದೂ ಅಷ್ಟೇ ನಿಜ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೊದಲನೆಯದು ಓಡಾಡಿತು, ಎರಡನೆಯದು ಓಡಾಡಲಿಲ್ಲ.

ಇವರ ಮೈಗೇ ಏಕೆ ಹೆಚ್ಚು ಪೆಟ್ಟು?

ಕ್ಯಾನ್ಸರ್ ವಿಷಯ ಮೊದಲು. ಕಿಮೋ ಔಷಧ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕೋಶವೂ ಹಾಗೆ ಬೆಳೆಯುತ್ತದೆ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿ ರಕ್ತಕಣಗಳೂ ಹಾಗೇ ಬೆಳೆಯುತ್ತವೆ. ಕಳೆ ಕೀಳುವಾಗ ಪೈರೂ ಕಿತ್ತು ಬಂದಂತೆ. ಕಿಮೋ ಆದ ಒಂದೆರಡು ವಾರ ಮೈ ಕಾಯುವ ಕಣಗಳು ತೀರಾ ಕಡಿಮೆ ಇರುತ್ತವೆ. ರಕ್ತದ ಕ್ಯಾನ್ಸರ್‌ನಲ್ಲಂತೂ ಕಾವಲುಗಾರ ಕಣಗಳಿಗೇ ಕಾಯಿಲೆ. ಅಂಥವರ ಮೈಯಲ್ಲಿ ಕೊರೊನಾ ವೈರಸ್ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿದದ್ದನ್ನು ವೈದ್ಯರು ಕಂಡರು.

ಹೃದಯದ ಲೆಕ್ಕ ಬೇರೆ. ಶ್ವಾಸಕೋಶ ಕೆಟ್ಟರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಜ್ವರ ಬಂದರೆ ಹೃದಯ ಜೋರಾಗಿ ಬಡಿಯಬೇಕು. ಕಡಿಮೆ ಮೇವು, ಹೆಚ್ಚು ಉಳುಮೆ. ಗಟ್ಟಿ ಎತ್ತು ತಡೆದುಕೊಂಡೀತು, ಮೊದಲೇ ಬಳಲಿದ ಎತ್ತು ಕುಸಿಯುತ್ತದೆ. ಇದರ ಜೊತೆಗೆ ಕೋವಿಡ್‌ನಲ್ಲಿ ರಕ್ತ ಹೆಪ್ಪುಗಟ್ಟುವುದೂ ಹೆಚ್ಚು. ಈಗಾಗಲೇ ಕಿರಿದಾದ ರಕ್ತನಾಳದಲ್ಲಿ ಒಂದು ಹೆಪ್ಪು ಸಿಕ್ಕಿಕೊಂಡರೆ ಅದೇ ಹೃದಯಾಘಾತ. ಕೆಲವರಲ್ಲಿ ಹೃದಯದ ಸ್ನಾಯುವಿಗೇ ಉರಿಯೂತ ಬಂತು.

ಶಸ್ತ್ರಚಿಕಿತ್ಸೆಯೂ ಹೊರತಾಗಿರಲಿಲ್ಲ. 24 ದೇಶಗಳಲ್ಲಿ ಆಪರೇಷನ್‌ನ ಹಿಂದೆಮುಂದೆ ಕೋವಿಡ್ ತಗುಲಿದ್ದ 1,128 ರೋಗಿಗಳ ಮಾಹಿತಿ 2020ರ ಮೇ ತಿಂಗಳಲ್ಲಿ ಪ್ರಕಟವಾಯಿತು. 30 ದಿನಗಳಲ್ಲಿ ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ತೀರಿಕೊಂಡಿದ್ದರು. ‘ತುರ್ತಿಲ್ಲದ ಆಪರೇಷನ್ ಮುಂದೂಡಿ’ ಎಂಬ ಸೂಚನೆಗಳ ಹಿಂದೆ ಇದ್ದದ್ದು ಇಂಥ ಭಯವೇ.

ಕಲಬುರಗಿಯಿಂದ ತಲಪಾಡಿಯವರೆಗೆ

ಭಾರತದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು. ಕೋವಿಡ್ ಎಂದು ದೃಢವಾದದ್ದು ಮಾರ್ಚ್ 12ರಂದು. ಸಾಯುವ ಮುಂಚಿನ ದಿನಗಳಲ್ಲಿ ಅವರನ್ನು ಕಲಬುರಗಿಯಿಂದ ಹೈದರಾಬಾದ್‌ಗೆ ಒಯ್ದು ಹಿಂದಕ್ಕೆ ತಂದಿದ್ದರು. ಬಿಪಿ, ಅಸ್ತಮಾ ಇತ್ತು ಎಂದು ಸರ್ಕಾರ ತಿಳಿಸಿತು. ‘ಬೇರೆ ಕಾಯಿಲೆಯೂ ಇತ್ತು’ ಎಂಬ ಸಾಲು ಈ ದೇಶದಲ್ಲಿ ಮೊದಲ ಸಾವಿನ ಜೊತೆಗೇ ಹುಟ್ಟಿತು. ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರಿಗೂ ಕೆಲವೇ ದಿನಗಳಲ್ಲಿ ಸೋಂಕು ದೃಢಪಟ್ಟಿತು.

ಏಪ್ರಿಲ್‌ನಲ್ಲಿ ದೆಹಲಿ ಸರ್ಕಾರದ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರೊಬ್ಬರಿಗೆ ಸೋಂಕು ಕಂಡಿತು. ಆಮೇಲೆ ನರ್ಸುಗಳಿಗೆ, ಆಮೇಲೆ ದಾಖಲಾಗಿದ್ದ ಕ್ಯಾನ್ಸರ್ ರೋಗಿಗಳಿಗೆ. ಆಸ್ಪತ್ರೆಯನ್ನು ಕೆಲವು ದಿನ ಮುಚ್ಚಿದರು. ಟೊರಾಂಟೊ, ಸೋಲ್, ವುಹಾನ್‌ನಲ್ಲಿ ನಡೆದದ್ದು ಇಲ್ಲಿಯೂ ನಡೆಯಿತು.

ಆದರೆ ನಮ್ಮ ಹಳ್ಳಿಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಬಸ್ ಇಲ್ಲ, ರೈಲು ಇಲ್ಲ. ಬೀದರ್‌ನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಸುಮಾರು 700 ಕಿಲೋಮೀಟರ್. ಮೂರು ವಾರಕ್ಕೊಮ್ಮೆ ಕಿಮೋಗೆ ಜನರಲ್ ಬೋಗಿಯಲ್ಲಿ ಕೂತು ಹೋಗುತ್ತಿದ್ದವರಿಗೆ ಕಾರು ಬಾಡಿಗೆ ಕೊಡುವ ತಾಕತ್ತು ಎಲ್ಲಿಂದ ಬರಬೇಕು? ಪಾಸ್ ಸಿಕ್ಕರೂ ಗಾಡಿ ಇಲ್ಲ, ಗಾಡಿ ಸಿಕ್ಕರೂ ಹಣ ಇಲ್ಲ.

ತಲಪಾಡಿಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಕೇರಳದ ಕಾಸರಗೋಡಿನ ಜನ, ಅವರಲ್ಲಿ ಕನ್ನಡ ಮಾತಾಡುವವರೂ ಬಹಳ, ದೊಡ್ಡ ಚಿಕಿತ್ಸೆಗೆ ತಲೆತಲಾಂತರದಿಂದ ಬರುವುದು ಮಂಗಳೂರಿಗೆ. ಕಾಸರಗೋಡಿನಲ್ಲಿ ಸೋಂಕು ಹೆಚ್ಚಿದ್ದರಿಂದ ಕರ್ನಾಟಕ ಗಡಿ ಮುಚ್ಚಿತು. ಆಂಬುಲೆನ್ಸ್‌ಗಳು ಗಡಿಯಲ್ಲಿ ನಿಂತವು. ಹೃದಯ ರೋಗಿಗಳೂ ಸೇರಿದಂತೆ ಹಲವರು ಚಿಕಿತ್ಸೆ ಸಿಗದೆ ಸತ್ತರೆಂದು ಆ ದಿನಗಳಲ್ಲಿ ವರದಿಯಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಬೇಕೆಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, ತುರ್ತು ರೋಗಿಗಳನ್ನು ಬಿಡುವ ನಿಯಮಕ್ಕೆ ಒಪ್ಪಿಗೆಯಾಗಿದೆ ಎಂದು ಏಪ್ರಿಲ್ 7ರಂದು ದಾಖಲಾಯಿತು. ಆ ಸತ್ತವರಿಗೆ ಕೋವಿಡ್ ಇತ್ತೆಂದು ಯಾರೂ ಹೇಳಲಿಲ್ಲ. ಅವರು ಯಾವ ಕೋವಿಡ್ ಬುಲೆಟಿನ್‌ನಲ್ಲೂ ಬರಲಿಲ್ಲ.

ಬಾರದೇ ಹೋದವರ ಲೆಕ್ಕ

ಹಾಗೆ ಯಾವ ಪಟ್ಟಿಗೂ ಸೇರದವರನ್ನು ಹುಡುಕುವ ಕೆಲಸವನ್ನು ಆಮೇಲೆ ಕೆಲವು ವೈದ್ಯರು ಮಾಡಿದರು. ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ದಾಖಲೆಗಳಲ್ಲಿ 2019ರ ಮಾರ್ಚ್‌ನಿಂದ ಮೇವರೆಗಿನ ಮೂರು ತಿಂಗಳನ್ನೂ 2020ರ ಅದೇ ಮೂರು ತಿಂಗಳನ್ನೂ ಹೋಲಿಸಿದರು. ಹೊಸದಾಗಿ ಹೆಸರು ಬರೆಸಿದ ರೋಗಿಗಳು ಶೇ 54ರಷ್ಟು ಕಡಿಮೆಯಾಗಿದ್ದರು. ದೊಡ್ಡ ಆಪರೇಷನ್‌ಗಳು ಶೇ 49ರಷ್ಟು, ಬಂದು ಹೋಗಿ ತೆಗೆದುಕೊಳ್ಳುವ ಕಿಮೋ ಶೇ 37ರಷ್ಟು ಇಳಿದಿದ್ದವು.

ಆ ಮೂರು ತಿಂಗಳಲ್ಲಿ ದೇಶದಲ್ಲಿ ಕ್ಯಾನ್ಸರ್ ಅರ್ಧಕ್ಕೆ ಇಳಿಯಿತೇ? ಇಲ್ಲವಲ್ಲ. ಎದೆಯಲ್ಲಿ ಗಂಟು ಮುಟ್ಟಿ ನೋಡಿಕೊಂಡ ಹೆಂಗಸು, ಬಾಯಿಯ ಹುಣ್ಣು ಮಾಯದ ಅಡಿಕೆ-ಹೊಗೆಸೊಪ್ಪಿನ ಮನುಷ್ಯ, ‘ಕೊರೊನಾ ಮುಗಿಯಲಿ, ಆಮೇಲೆ ತೋರಿಸೋಣ’ ಎಂದು ಮನೆಯಲ್ಲೇ ಉಳಿದರು. ಗಂಟು ಕಾಯಲಿಲ್ಲ.

ಹೃದಯದ ಕಥೆಯೂ ಅದೇ. ದೇಶದ 187 ಆಸ್ಪತ್ರೆಗಳ ಲೆಕ್ಕದಲ್ಲಿ ಹೃದಯಾಘಾತಕ್ಕೆ ದಾಖಲಾದವರು ಹಿಂದಿನ ವರ್ಷಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗಿದ್ದರು. ಅವರೆಲ್ಲ ಎಲ್ಲಿ ಹೋದರು ಎಂಬುದಕ್ಕೆ ಇಟಲಿಯ ಲೊಂಬಾರ್ಡಿ ಒಂದು ಸುಳಿವು ಕೊಡುತ್ತದೆ. ಅಲ್ಲಿ ಸೋಂಕು ಭುಗಿಲೆದ್ದ ಮೊದಲ 40 ದಿನಗಳಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತು ಬಿದ್ದವರ ಸಂಖ್ಯೆ ಹಿಂದಿನ ವರ್ಷದ 229ರಿಂದ 362ಕ್ಕೆ ಏರಿತ್ತು. ಅವರಲ್ಲಿ ಎಷ್ಟೋ ಮಂದಿಗೆ ಕೋವಿಡ್ ಇತ್ತು ಅಥವಾ ಅದರ ಲಕ್ಷಣಗಳಿದ್ದವು. ಸೋಂಕಿಗೂ ಆಸ್ಪತ್ರೆ ತಲುಪದಿರುವುದಕ್ಕೂ ನಡುವಿನ ಗೆರೆ ಅಷ್ಟು ತೆಳು.

ಬಿಪಿ ಮಾತ್ರೆಯ ಗಲಾಟೆ

ಇದೇ ಸಮಯಕ್ಕೆ ಇನ್ನೊಂದು ಸುದ್ದಿ ಹಬ್ಬಿತು. ಕೊರೊನಾ ವೈರಸ್ ನಮ್ಮ ಜೀವಕೋಶದೊಳಗೆ ಹೋಗಲು ಎಸಿಇ-2 ಎಂಬ ಬಾಗಿಲು ಬಳಸುತ್ತದೆ. ರಾಮಿಪ್ರಿಲ್, ಎನಾಲಾಪ್ರಿಲ್, ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಗಳು ಆ ಬಾಗಿಲುಗಳನ್ನು ಹೆಚ್ಚಿಸಬಹುದು ಎಂಬ ಊಹೆಯನ್ನು ಕೆಲವರು ಮುಂದಿಟ್ಟರು. ಊಹೆ ಫಾರ್ವರ್ಡ್ ಆಗುತ್ತ ಆಗುತ್ತ ‘ಬಿಪಿ ಮಾತ್ರೆ ನುಂಗಿದರೆ ಕೊರೊನಾ ಸಾವು’ ಎಂದಾಯಿತು.

2020ರ ಮಾರ್ಚ್‌ನಲ್ಲೇ ಹಲವು ದೇಶಗಳ ಹೃದಯ ತಜ್ಞರ ಸಂಘಗಳು ‘ಮಾತ್ರೆ ನಿಲ್ಲಿಸಬೇಡಿ’ ಎಂದು ಹೇಳಿಕೆ ಕೊಟ್ಟವು. ಹೇಳಿಕೆ ಸಾಲದು, ಪರೀಕ್ಷಿಸಿ ನೋಡೋಣ ಎಂದು ಬ್ರೆಜಿಲ್ ದೇಶದ ವೈದ್ಯರು ಕೋವಿಡ್‌ನಿಂದ ದಾಖಲಾದ 659 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಮಾತ್ರೆ 30 ದಿನ ನಿಲ್ಲಿಸಿದರು, ಇನ್ನೊಂದಕ್ಕೆ ಮುಂದುವರಿಸಿದರು. ನಿಲ್ಲಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ಮಾತ್ರೆ ಬಿಟ್ಟರೆ ಬಿಪಿ ಏರುವುದು, ಪಾರ್ಶ್ವವಾಯು ಬಡಿಯುವುದು ಮಾತ್ರ ಹಳೆಯ, ಖಚಿತವಾದ ಅಪಾಯ.

ಕಿಮೋ ವಿಷಯದಲ್ಲೂ ಇಂಥ ತಿರುವು ಬಂತು. ಬ್ರಿಟನ್ನಿನಲ್ಲಿ ಕೋವಿಡ್ ಬಂದ 800 ಕ್ಯಾನ್ಸರ್ ರೋಗಿಗಳನ್ನು ಗಮನಿಸಿದಾಗ ಸತ್ತವರು ಶೇ 28ರಷ್ಟು. ಬಹಳ ದೊಡ್ಡ ಸಂಖ್ಯೆ. ಆದರೆ ಹಿಂದಿನ ನಾಲ್ಕು ವಾರಗಳಲ್ಲಿ ಕಿಮೋ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸಾವಿಗೆ ಹೆಚ್ಚು ನಂಟಿದ್ದದ್ದು ವಯಸ್ಸು, ಬಿಪಿ, ಹೃದಯ ರೋಗಗಳ ಜೊತೆ. ಎಲ್ಲರ ಕಿಮೋ ಒಟ್ಟಿಗೆ ನಿಲ್ಲಿಸುವುದು ಸರಿಯಲ್ಲ, ಒಬ್ಬೊಬ್ಬ ರೋಗಿಯ ಲೆಕ್ಕ ಬೇರೆ ಬೇರೆ ಹಾಕಬೇಕು ಎಂಬ ಮಾತಿಗೆ ಇದರಿಂದ ಬಲ ಬಂತು. ಹೊಸ ರೋಗದ ಮೊದಲ ತಿಂಗಳ ಮಾತು ಆರನೇ ತಿಂಗಳಿಗೆ ಬದಲಾಗಬಹುದು. ಸುದ್ದಿ ಬರೆಯುವವರಿಗೂ ಓದುವವರಿಗೂ ಇದು ನೆನಪಿರಬೇಕು.

ಆಸ್ಪತ್ರೆಗಳು ಕಲಿತದ್ದು

ಕಲಿತದ್ದರಲ್ಲಿ ಹೆಚ್ಚಿನದು ಸರಳ ಸಂಗತಿಗಳೇ. ಜ್ವರ ಬಂದವರಿಗೆ ಬೇರೆ ಬಾಗಿಲು. ಒಳಗೆ ಬರುವ ಮುನ್ನ ಪರೀಕ್ಷೆ. ಎಲ್ಲರಿಗೂ ಮಾಸ್ಕ್. ರೋಗಿಯ ಜೊತೆ ಒಬ್ಬರೇ. ಹತ್ತಿರದ ಊರಿನಲ್ಲೇ ರಕ್ತ ಪರೀಕ್ಷೆ, ಫೋನಿನಲ್ಲೇ ಸಲಹೆ. ಲಂಡನ್ನಿನಲ್ಲಿ ಕೆಲವು ಆಸ್ಪತ್ರೆಗಳನ್ನು ಕ್ಯಾನ್ಸರ್ ಆಪರೇಷನ್‌ಗೆಂದೇ ಕಾಯ್ದಿಟ್ಟು ಕೋವಿಡ್ ರೋಗಿಗಳನ್ನು ಬೇರೆ ಕಡೆ ಕಳಿಸಿದರು. ರಾಯಲ್ ಮಾರ್ಸ್‌ಡೆನ್ ಎಂಬ ಹಳೆಯ ಕ್ಯಾನ್ಸರ್ ಆಸ್ಪತ್ರೆ ಅದಕ್ಕೆ ಕೇಂದ್ರವಾಯಿತು.

ಲಸಿಕೆ ಬಂದಾಗ ಈ ರೋಗಿಗಳಿಗೆ ಮುಂದಿನ ಸಾಲು ಸಿಕ್ಕಿತು. 2021ರ ಮಾರ್ಚ್ 1ರಿಂದ ಭಾರತದಲ್ಲಿ 60 ದಾಟಿದವರಿಗೂ, 45ರಿಂದ 59 ವಯಸ್ಸಿನಲ್ಲಿ 20 ಕಾಯಿಲೆಗಳ ಪಟ್ಟಿಯಲ್ಲಿ ಯಾವುದಾದರೂ ಇದ್ದವರಿಗೂ ಲಸಿಕೆ ಶುರುವಾಯಿತು. ಆ ಪಟ್ಟಿಯಲ್ಲಿ ಹೃದಯ ರೋಗ, ಕ್ಯಾನ್ಸರ್ ಎರಡೂ ಇದ್ದವು. ಆದರೆ ವೈದ್ಯರ ಸರ್ಟಿಫಿಕೇಟ್ ಬೇಕಿತ್ತು. ಅದನ್ನು ತರಲು ಮತ್ತೆ ಪೇಟೆಗೆ ಹೋಗಬೇಕಾದ ಹಳ್ಳಿಯ ರೋಗಿಗೆ ಆ ಮುಂದಿನ ಸಾಲು ಕಾಗದದ ಮೇಲೆ ಮಾತ್ರ ಹತ್ತಿರವಿತ್ತು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ತೆರೆದರು. ಅಷ್ಟರಲ್ಲಿ ಎರಡನೇ ಅಲೆ ಬಾಗಿಲಿಗೆ ಬಂದಿತ್ತು. ರಕ್ತದ ಕ್ಯಾನ್ಸರ್ ಇದ್ದವರಲ್ಲಿ ಲಸಿಕೆಯಿಂದ ಹುಟ್ಟುವ ರಕ್ಷಣೆ ಕಡಿಮೆ ಎಂಬುದೂ ಆಮೇಲೆ ಗೊತ್ತಾಯಿತು. ಅಂಥವರಿಗೆ ಮನೆಯವರೆಲ್ಲ ಲಸಿಕೆ ಹಾಕಿಸಿಕೊಂಡದ್ದೇ ಬೇಲಿ.

ಟೊರಾಂಟೊದಲ್ಲಿ ಸಾರ್ಸ್ ಮುಗಿಯಿತೆಂದು ಎಚ್ಚರಿಕೆ ಸಡಿಲಿಸಿದ ಮೇಲೆ, 2003ರ ಮೇ ತಿಂಗಳಲ್ಲಿ, ಒಂದು ಆಸ್ಪತ್ರೆಯ ಮೂಳೆ ವಾರ್ಡಿನಿಂದ ಅದು ಎರಡನೇ ಸಲ ಎದ್ದಿತ್ತು. ನಮ್ಮಲ್ಲೂ ಬೇರೆ ಬಾಗಿಲು ಈಗ ಸಾಮಾನು ಇಡುವ ಕೋಣೆಯಾಗಿರುವ ಆಸ್ಪತ್ರೆಗಳು ಕಡಿಮೆಯೇನಿಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇನ್ನೂ ಬಾಗಿಲಾಗಿಯೇ ಉಳಿದಿದೆಯೇ, ಒಮ್ಮೆ ನೋಡಿ. ಇಲ್ಲದಿದ್ದರೆ ಆರೋಗ್ಯ ರಕ್ಷಾ ಸಮಿತಿಯವರನ್ನು ಕೇಳಿ.

ನಮ್ಮ ಕೈಯಲ್ಲಿ ಇರುವುದು

ಈ ಚರಿತ್ರೆಯಿಂದ ಮನೆಗೆ ಒಯ್ಯಬೇಕಾದ ಮಾತುಗಳು ಕೆಲವೇ.

ಮನೆಯಲ್ಲಿ ಕಿಮೋದಲ್ಲಿರುವವರಿದ್ದರೆ ಒಂದು ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ. ಅದು ಯಾವ ಸೋಂಕೇ ಆಗಿರಲಿ, ಅವರಿಗೆ ತುರ್ತು ಸ್ಥಿತಿಯೇ. ಕಿಮೋ ನಡೆಯುವ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದ ಕಡೆ ಕೂಡಲೇ ಕರೆದೊಯ್ಯಿರಿ.

ಎದೆ ನೋವು, ಎಡಗೈ ಸೆಳೆತ, ಬೆವರು, ಉಸಿರು ಕಟ್ಟುವುದು ಶುರುವಾದರೆ ಊರಲ್ಲಿ ಯಾವ ಜ್ವರ ಇದ್ದರೂ 108ಕ್ಕೆ ಕರೆ ಮಾಡಿ. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸಿ ಹೊತ್ತು ಕಳೆಯಬೇಡಿ. ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಮೊದಲ ಗಂಟೆಗಳಲ್ಲಿ ಹೋದರೆ ಮಾತ್ರ ಅದರ ಪ್ರಯೋಜನ.

ವೈದ್ಯರು ಹೇಳದೆ ಬಿಪಿ, ಶುಗರ್, ಹೃದಯದ ಮಾತ್ರೆ ನಿಲ್ಲಿಸಬೇಡಿ. ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಮನೆಯಲ್ಲಿರಲಿ. ಚಿಕಿತ್ಸೆಯ ಕಾಗದಗಳ ಫೋಟೊ ಫೋನಿನಲ್ಲಿರಲಿ. ದಾರಿ ಮುಚ್ಚಿದ ದಿನ ಹತ್ತಿರದ ವೈದ್ಯರಿಗೆ ತೋರಿಸಲು ಅದೇ ಆಧಾರ.

ಕೊನೆಗೆ, ರೋಗಿಯನ್ನು ನೋಡಲು ಹೋಗುವವರಿಗೆ ಒಂದು ಮಾತು. ನಮ್ಮ ಕಡೆ ಎಳನೀರು, ಬ್ರೆಡ್ಡು ಹಿಡಿದು ಹತ್ತು ಜನ ವಾರ್ಡಿಗೆ ಹೋಗುವುದೇ ಪ್ರೀತಿ. ಹೋಗದಿದ್ದರೆ ನೆಂಟಸ್ತನ ಕೆಡುತ್ತದೆ ಎಂಬ ಅಂಜಿಕೆ. ನಿಮಗೆ ಸಣ್ಣ ನೆಗಡಿ ಇದ್ದರೂ ಆ ದಿನ ಹೋಗಬೇಡಿ. ಫೋನ್ ಮಾಡಿ ಮಾತಾಡಿಸಿ. ಅವರ ಮಂಚದ ಪಕ್ಕ ಬಟ್ಟೆಯ ಪರದೆ ಮಾತ್ರ ಇರುತ್ತದೆ. ಅದರಾಚೆ ಮಲಗಿರುವವರೂ ಯಾರದೋ ಮನೆಯವರು.